ನಾಯಿಯ ಕುಂಟು ಹೋಗುತ್ತಿಲ್ಲವಾ? ಅದು ಕೂರುವ ಭಂಗಿಯನ್ನೂ ನೋಡಿ

ಪಂಪ್‌ಸೆಟ್ ನೀರು ಎತ್ತುತ್ತಿಲ್ಲ ಅಂತ ಯಾರಾದರೂ ಕರೆದರೆ ನಾನು ಹೋದ ತಕ್ಷಣ ಮೋಟಾರ್ ಬಿಚ್ಚುವುದಿಲ್ಲ. ಮೂರೂ ಫೇಸ್ ಬರುತ್ತಿದೆಯಾ, ಸ್ಟಾರ್ಟರ್ ಸರಿ ಇದೆಯಾ, ಫುಟ್‌ವಾಲ್ವ್‌ಗೆ ಕಸ ಸಿಕ್ಕಿದೆಯಾ ಅಂತ ಒಂದೊಂದೇ ನೋಡುತ್ತೇನೆ. ತುಮಕೂರು ಸುತ್ತಮುತ್ತ ಇಪ್ಪತ್ತು ವರ್ಷದಿಂದ ಇದೇ ಕೆಲಸ. ಆದರೆ ನಮ್ಮ ಮನೆ ನಾಯಿ ಕುಂಟಲು ಶುರು ಮಾಡಿದಾಗ ಈ ಬುದ್ಧಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಕರಿಯ ಅಂತ ಹೆಸರು. ಲ್ಯಾಬ್ರಡಾರ್‌ಗೂ ಬೀದಿ ನಾಯಿಗೂ ಹುಟ್ಟಿದವನು. ಆಗ ಆರು ವರ್ಷ, ತೂಕ 38 ಕೆಜಿ. ಹಿಂದಿನ ಬಲಗಾಲು ಕುಂಟುತ್ತಿದ್ದ. ಏಳು ತಿಂಗಳು ಕುಂಟಿದ. ಅಷ್ಟರಲ್ಲಿ ಮೂರು ಕಡೆ ತೋರಿಸಿದೆವು. ಒಬ್ಬರು ಉಳುಕು ಅಂದರು, ಇನ್ನೊಬ್ಬರು ಉಣ್ಣೆ (ಟಿಕ್) ಕಚ್ಚಿ ಬರುವ ಉಣ್ಣೆ ಜ್ವರ ಅಂದರು, ಮೂರನೆಯವರು ಎಕ್ಸ್‌ರೇ ತೆಗೆದು ಸೊಂಟದ ಕೀಲು ಅಂದರು. ಮೂರಕ್ಕೂ ಔಷಧಿ ಆಯಿತು. ಪ್ರತಿ ಸಲವೂ ಸ್ವಲ್ಪ ಕಡಿಮೆಯಾಗಿ ಮತ್ತೆ ವಾಪಸ್. ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಸಿಕ್ಕಿದ್ದು ಹತ್ತು ನಿಮಿಷ. ಮನೆಯಲ್ಲಿ ದಿನವಿಡೀ ಅವನ ಜೊತೆ ಇದ್ದ ನಾವೇ ಹೇಳಬೇಕಾದ್ದನ್ನು ಹೇಳಲಿಲ್ಲ. ಏನು ಹೇಳಬೇಕು ಅಂತ ಗೊತ್ತಿದ್ದರೆ ತಾನೇ ಹೇಳುವುದು? ಹಾಗಾಗಿ ನಾನು ತಡವಾಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದು ಡಾಕ್ಟರ್ ಹತ್ತಿರ ಹೋಗುವ ಮೊದಲು ಮನೆಯಲ್ಲೇ ನೋಡಿಕೊಳ್ಳುವ ಕೆಲಸ, ಅಷ್ಟೇ.

ಮೊದಲು, ಕಾಯಲೇಬಾರದ ಕೆಲವು ಸಂದರ್ಭಗಳು

ಕಾಲನ್ನು ನೆಲಕ್ಕೆ ಮುಟ್ಟಿಸುವುದೇ ಇಲ್ಲ, ಕಾಲು ಸೊಟ್ಟಗೆ ನೇತಾಡುತ್ತಿದೆ, ಗಾಡಿ ತಗುಲಿದೆ, ಪಾದ ತಣ್ಣಗಾಗಿದೆ, ಎರಡೂ ಹಿಂಗಾಲು ಎಳೆದುಕೊಂಡು ಹೋಗುತ್ತಿದೆ, ಅಥವಾ ಒಂದೆರಡು ಗಂಟೆಯಲ್ಲೇ ಕಾಲು ದಪ್ಪಗೆ ಊದಿಕೊಂಡಿದೆ. ಇವುಗಳಲ್ಲಿ ಯಾವುದೇ ಇದ್ದರೂ ಓದುವುದನ್ನು ಇಲ್ಲೇ ನಿಲ್ಲಿಸಿ ಗಾಡಿ ತೆಗೆಯಿರಿ. ತೋಟದಲ್ಲಿ ಓಡಾಡುವ ನಾಯಿಗೆ ಹಠಾತ್ ಊತ ಬಂದರೆ ಹಾವು ಕಡಿದಿರಬಹುದು, ಅದು ಗಂಟೆಗಳ ಲೆಕ್ಕ. ಹಾಗೆಯೇ, ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಕಾಲು ಮುಟ್ಟುವ ಮೊದಲು ಮೆತ್ತನೆ ಬಟ್ಟೆಯಿಂದ ಬಾಯಿ ಕಟ್ಟಿ. ಉಸಿರಾಟದ ತೊಂದರೆ ಇದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಮಾತ್ರ ಕಟ್ಟಬೇಡಿ.

ಮುಂದೆ ಬರೆದಿರುವುದು ಕಾಲೂರುತ್ತಾ ಕುಂಟುವ, ವಾರಗಟ್ಟಲೆ ಹೋಗದ ಕುಂಟಿನ ವಿಷಯ.

ಯಾವ ಕಾಲು?

ಇದೇನು ಪ್ರಶ್ನೆ ಅಂತ ನಗಬೇಡಿ. ತಪ್ಪು ಕಾಲು ತೋರಿಸುವವರು ಬೇಕಾದಷ್ಟಿದ್ದಾರೆ. ಮುಂಗಾಲು ಕುಂಟಿದಾಗ ನಮ್ಮ ಕಣ್ಣಿಗೆ ಬೀಳುವುದು ತಲೆ ಧೊಪ್ಪನೆ ಕೆಳಗೆ ಹೋಗುವುದು, ಆಗ ನೆಲದ ಮೇಲಿರುವ ಕಾಲೇ ನೋಯುತ್ತಿದೆ ಅಂದುಕೊಳ್ಳುತ್ತೇವೆ. ನಿಜ ಇದರ ಉಲ್ಟಾ. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ನಾಯಿ ಭಾರ ಕಡಿಮೆ ಮಾಡಲು ತಲೆ ಮೇಲಕ್ಕೆ ಎತ್ತುತ್ತದೆ. ಚೆನ್ನಾಗಿರುವ ಕಾಲು ತಾಗಿದಾಗ ತಲೆ ಇಳಿಯುತ್ತದೆ. ಹಿಂಗಾಲಿಗೆ ತಲೆ ನೋಡಬೇಡಿ, ಹಿಂದೆ ನಿಂತು ಸೊಂಟ ನೋಡಿ. ನೋಯುವ ಕಾಲು ಊರಿದಾಗ ಆ ಕಡೆಯ ಸೊಂಟ ಜಾಸ್ತಿ ಮೇಲೆ ಏಳುತ್ತದೆ. ನಾಯಿಯ ಭಾರದಲ್ಲಿ ಸುಮಾರು ನೂರಕ್ಕೆ 60 ಭಾಗ ಮುಂಗಾಲಿನ ಮೇಲೇ ಇರುವುದರಿಂದ ಹಿಂಗಾಲಿನ ಸಣ್ಣ ಕುಂಟನ್ನು ಅದು ಸುಲಭವಾಗಿ ಮುಚ್ಚಿಟ್ಟುಕೊಳ್ಳುತ್ತದೆ. ಭಾರವನ್ನು ಮುಂದಕ್ಕೆ ಹಾಕಿಬಿಟ್ಟರೆ ಆಯಿತು.

ಬರಿಗಣ್ಣಿಗೆ ಇದು ಗೊತ್ತಾಗುವುದು ಕಷ್ಟ. ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿ. ಸಮತಟ್ಟಾದ ರಸ್ತೆ, ಸಡಿಲವಾದ ಹಗ್ಗ, ಫೋನ್ ನಾಯಿಯ ಎತ್ತರಕ್ಕೆ. ನಿಧಾನ ನಡಿಗೆಯಲ್ಲಿ ಒಂದು ಸಲ, ಜಾಗಿಂಗ್ ತರದ ಲಘು ಓಟದಲ್ಲಿ ಒಂದು ಸಲ, ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ. ಲಘು ಓಟದಲ್ಲಿ ಎಡ ಬಲ ಒಂದೇ ತಾಳದಲ್ಲಿ ಬೀಳುತ್ತವೆ, ಹಾಗಾಗಿ ತಾಳ ತಪ್ಪಿದ್ದು ಎದ್ದು ಕಾಣುತ್ತದೆ. ಜೋರಾಗಿ ಓಡಿಸಬೇಡಿ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಈ ವಿಡಿಯೊ ಯಾಕೆ ಮುಖ್ಯ ಅಂದರೆ ಆಸ್ಪತ್ರೆ ಬಾಗಿಲಿಗೆ ಹೋದ ಕೂಡಲೇ ಗಾಬರಿಯಲ್ಲಿ ಅರ್ಧ ನಾಯಿಗಳು ಕುಂಟುವುದನ್ನೇ ಮರೆತುಬಿಡುತ್ತವೆ. ನಮ್ಮವನೂ ಅಲ್ಲಿ ರಾಜಗಾಂಭೀರ್ಯದಲ್ಲಿ ನಡೆದು ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡಿದ್ದ.

ಪಾದದಿಂದ ಮೇಲಕ್ಕೆ

ಕಾಲು ಯಾವುದು ಅಂತ ಖಾತ್ರಿ ಆದಮೇಲೆ ಕೆಳಗಿನಿಂದ ಶುರು ಮಾಡಿ. ಮೊದಲು ಚೆನ್ನಾಗಿರುವ ಕಾಲು, ಆಮೇಲೆ ನೋಯುವ ಕಾಲು, ಆಗಲೇ ವ್ಯತ್ಯಾಸ ಕೈಗೆ ತಿಳಿಯುವುದು. ಬೆರಳು ಬೆರಳಿನ ಸಂದು ಬಿಡಿಸಿ ಟಾರ್ಚ್ ಹಿಡಿದು ನೋಡಿ. ನಮ್ಮ ಕಡೆ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಎರಡೂ ಧಾರಾಳ. ಮುಳ್ಳು ಮುರಿದು ಒಳಗೇ ಉಳಿದರೆ ಮೇಲೆ ಗಾಯ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ. ನಾಯಿ ಒಂದೇ ಜಾಗವನ್ನು ನೆಕ್ಕುತ್ತಲೇ ಇದ್ದರೆ ಅಲ್ಲೇ ಹುಡುಕಿ. ಬೆರಳ ಸಂದಿನಲ್ಲಿ ಉಣ್ಣೆ ಕಚ್ಚಿ ಕೂತಿರುತ್ತದೆ. ಪಾದದಿಂದ ಸ್ವಲ್ಪ ಮೇಲೆ, ನೆಲಕ್ಕೆ ತಾಗದ ಆರನೇ ಬೆರಳಿನಂಥ ಉಗುರು ಒಂದಿರುತ್ತದಲ್ಲ, ಅದು ಸವೆಯುವುದೇ ಇಲ್ಲ, ಸುತ್ತಿಕೊಂಡು ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಉದ್ದ ಕೂದಲ ನಾಯಿಯಲ್ಲಿ ಇದು ಕಾಣುವುದೂ ಇಲ್ಲ. ಬೇಸಿಗೆಯಾದರೆ ಅಂಗಾಲಿನ ಮೆತ್ತೆ ಸುಟ್ಟಿದೆಯಾ ನೋಡಿ. ಏಪ್ರಿಲ್ ಮಧ್ಯಾಹ್ನದ ಟಾರ್ ರಸ್ತೆಯ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಐದಾರು ಸೆಕೆಂಡ್ ಇಡಲು ಆಗದಿದ್ದರೆ ಅದಕ್ಕೂ ಆಗುವುದಿಲ್ಲ.

ಪಾದದಲ್ಲಿ ಏನೂ ಸಿಗದಿದ್ದರೆ ಒಂದೊಂದೇ ಕೀಲನ್ನು ನಿಧಾನವಾಗಿ ಮಡಿಸಿ, ಚಾಚಿ. ಕೂಗಿಸಬೇಕಾಗಿಲ್ಲ. ತಿರುಗಿ ನಿಮ್ಮ ಕೈ ನೋಡಿತು, ತುಟಿ ನೆಕ್ಕಿತು, ಮೈ ಬಿಗಿ ಹಿಡಿಯಿತು, ಇಷ್ಟು ಸಾಕು. ಅಲ್ಲಿಗೆ ಕೈ ಬಿಡಿ. ಕೊನೆಗೆ ಒಂದು ಟೈಲರ್ ಟೇಪ್ ತೆಗೆದುಕೊಂಡು ಎರಡೂ ತೊಡೆಯ ಸುತ್ತಳತೆಯನ್ನು ಒಂದೇ ಎತ್ತರದಲ್ಲಿ ಅಳೆಯಿರಿ. ತಿಂಗಳುಗಟ್ಟಲೆ ಉಳಿಸಿ ಬಳಸಿದ ಕಾಲಿನ ಮಾಂಸಖಂಡ ಕರಗಿರುತ್ತದೆ. ಕರಿಯನ ಬಲತೊಡೆ ಎಡಕ್ಕಿಂತ ಎರಡೂವರೆ ಸೆಂಟಿಮೀಟರ್ ಕಡಿಮೆ ಇತ್ತು. ನಾಯಿ ಕುಂಟಿಲ್ಲ ಅಂತ ನಾಟಕ ಆಡಬಹುದು, ತೊಡೆ ಆಡುವುದಿಲ್ಲ.

ಯಾವಾಗ ಕುಂಟುತ್ತದೆ, ವಯಸ್ಸೆಷ್ಟು

ಬೆಳಗ್ಗೆ ಎದ್ದಾಗ ಗಟ್ಟಿ ಹಿಡಿದ ಹಾಗೆ ಕುಂಟಿ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲವಾದರೆ ಸಾಮಾನ್ಯವಾಗಿ ಕೀಲು ಸವೆತ, ಅಂದರೆ ಸಂಧಿವಾತ. ಆಟ ಆಡಿದ ಮೇಲೆ, ಅದರಲ್ಲೂ ಆಡಿ ಮಲಗಿ ಎದ್ದ ಮೇಲೆ ಜಾಸ್ತಿಯಾದರೆ ಲಿಗಮೆಂಟ್, ಅಂದರೆ ಕೀಲಿನಲ್ಲಿ ಮೂಳೆಗಳನ್ನು ಹಿಡಿದಿಡುವ ಹಗ್ಗದಂಥ ಪಟ್ಟಿ, ಅದರ ಕಡೆ ಅನುಮಾನ ಇರಲಿ. ಪಾಮೇರಿಯನ್, ಪಗ್ ತರದ ಪುಟ್ಟ ನಾಯಿ ಓಡುತ್ತಾ ಓಡುತ್ತಾ ಹಿಂಗಾಲನ್ನು ಎರಡು ಮೂರು ಹೆಜ್ಜೆ ಎತ್ತಿ ಹಾರಿಸಿ, ಆಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿದರೆ ಮಂಡಿಚಿಪ್ಪು ತನ್ನ ಜಾಗದಿಂದ ಜಾರಿ ಮತ್ತೆ ಕೂರುತ್ತಿದೆ ಅಂತ ಲೆಕ್ಕ. ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸುವ ಎಳೆ ಲ್ಯಾಬ್ರಡಾರ್ ಅಥವಾ ಜರ್ಮನ್ ಶೆಫರ್ಡ್ ಆದರೆ ಸೊಂಟದ ಕೀಲು ನೋಡಿಸಿ.

ವಯಸ್ಸು ಅರ್ಧ ಉತ್ತರ ಹೇಳುತ್ತದೆ. ಮರಿಗಳಿಗೆ ಬರೀ ಹಾಲನ್ನ ಅಥವಾ ಬರೀ ಮಾಂಸ ಹಾಕಿ ಬೆಳೆಸಿದರೆ ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿ, ಬಾಗಿ, ಸುಮ್ನೆ ಸೋಫಾದಿಂದ ಹಾರಿದ್ದಕ್ಕೇ ಮುರಿಯುತ್ತದೆ. ಹಾಗಂತ ಒಳ್ಳೆಯ ಪಪ್ಪಿ ಫುಡ್ ತಿನ್ನುವ ದೊಡ್ಡ ತಳಿಯ ಮರಿಗೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಸುರಿಯುವುದೂ ತಪ್ಪು, ಜಾಸ್ತಿಯಾದರೂ ಮೂಳೆ ಕೆಡುತ್ತದೆ. ಐದು ತಿಂಗಳಿಂದ ಒಂದೂವರೆ ವರ್ಷದೊಳಗಿನ ದೊಡ್ಡ ತಳಿಯಲ್ಲಿ, ಮುಖ್ಯವಾಗಿ ಶೆಫರ್ಡ್‌ಗಳಲ್ಲಿ, ಮೂಳೆಯೊಳಗಿನ ಉರಿಯೂತದಿಂದ ಇವತ್ತು ಒಂದು ಕಾಲು, ಎರಡು ವಾರ ಬಿಟ್ಟು ಇನ್ನೊಂದು ಕಾಲು ಕುಂಟುವುದುಂಟು. ಇದಕ್ಕೆ ಪ್ಯಾನಾಸ್ಟಿಯೈಟಿಸ್ ಅಂತ ಹೆಸರು. ನೋವು ಜೋರು, ಆದರೆ ವಯಸ್ಸಾದ ಹಾಗೆ ತಾನೇ ಹೋಗುತ್ತದೆ.

ಇನ್ನೊಂದು ತುದಿಯಲ್ಲಿ ವಯಸ್ಸಾದ ದೊಡ್ಡ ನಾಯಿ. ದಿನದಿಂದ ದಿನಕ್ಕೆ ಜಾಸ್ತಿಯಾಗುವ ಕುಂಟು, ಮುಂಗೈ ಮಣಿಕಟ್ಟಿನ ಮೇಲ್ಭಾಗದಲ್ಲೋ ಭುಜದ ಹತ್ತಿರವೋ ಮಂಡಿಯ ಸುತ್ತವೋ ಮೂಳೆಯಷ್ಟೇ ಗಟ್ಟಿಯಾದ ಊತ ಕಂಡರೆ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಮೂಳೆ ಕ್ಯಾನ್ಸರ್ ಬರುವುದು ಹೆಚ್ಚಾಗಿ ಇದೇ ಜಾಗಗಳಲ್ಲಿ. ಅದೇ ವಾರ ಎಕ್ಸ್‌ರೇ ಆಗಬೇಕು.

ಕುಂಟು ಕಾಲಿಂದ ಕಾಲಿಗೆ ಹಾರುತ್ತಿದ್ದರೆ

ಮರಿ ಅಲ್ಲ, ದೊಡ್ಡ ನಾಯಿಯೇ, ಆದರೂ ಮೊನ್ನೆ ಮುಂಗಾಲು ಇವತ್ತು ಹಿಂಗಾಲು. ಜೊತೆಗೆ ಮಂಕು, ಊಟ ಬೇಡ. ನಮ್ಮ ಕಡೆ ಇಂಥದ್ದಕ್ಕೆ ಮೊದಲ ಅನುಮಾನ ಉಣ್ಣೆ ಜ್ವರ. ಕಂದು ಬಣ್ಣದ ನಾಯಿ ಉಣ್ಣೆ ಎರ್ಲಿಕಿಯಾ ಅನ್ನುವ ರೋಗಾಣುವನ್ನು ಹರಡುತ್ತದೆ, ಅದರಿಂದ ಕೆಲವು ನಾಯಿಗಳಿಗೆ ಹಲವು ಕೀಲುಗಳು ಒಟ್ಟಿಗೆ ನೋಯುತ್ತವೆ. ನಾಯಿಯ ಸಾಮಾನ್ಯ ಮೈಬಿಸಿ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಮುಟ್ಟಿ ಜ್ವರ ಹೇಳಲು ಆಗುವುದಿಲ್ಲ, ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬೇಕು. 103 ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ಕೇಳಿ. ಖಾತ್ರಿಯಾದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ನಾಲ್ಕು ವಾರ ಕೊಡುತ್ತಾರೆ. ನಡುವೆ ಚೆನ್ನಾಗಾಯಿತು ಅಂತ ನಿಲ್ಲಿಸಬಾರದು.

ಕರಿಯನಿಗೂ ಈ ಕೋರ್ಸ್ ಆಯಿತು. ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ ಇದ್ದದ್ದು ನಿಜ. ಆದರೆ ಅವನು ಏಳು ತಿಂಗಳಲ್ಲಿ ಒಂದು ಸಲವೂ ಕಾಲು ಬದಲಾಯಿಸಿರಲಿಲ್ಲ, ಜ್ವರವೂ ಇರಲಿಲ್ಲ. ಆ ಎರಡು ಮಾತನ್ನು ನಾವು ಹೇಳಿದ್ದರೆ ಬಹುಶಃ ಅವರು ಅಲ್ಲಿಗೇ ನಿಲ್ಲುತ್ತಿರಲಿಲ್ಲ.

ನೋವಾ, ನರವಾ?

ಟೈಲ್ಸ್ ಮೇಲೆ ನಾಯಿ ನಡೆಯುವಾಗ ಉಗುರಿನ ಸದ್ದು ಕೇಳಿ. ಟಿಕ್ ಟಿಕ್ ಅಂದರೆ ಸರಿ. ಸರ್ ಅಂತ ಎಳೆದ ಸದ್ದು ಬಂದರೆ ಉಗುರು ತಿರುಗಿಸಿ ನೋಡಿ, ಮೇಲ್ಭಾಗ ಸವೆದಿದ್ದರೆ ಅದು ಕಾಲು ಎತ್ತಲಾರದೆ ಎಳೆಯುತ್ತಿದೆ. ನಿಂತಿರುವಾಗ ಪಾದವನ್ನು ಮೆಲ್ಲಗೆ ಉಲ್ಟಾ ಮಡಿಸಿ ಬಿಡಿ, ಮೈ ಭಾರ ಬೀಳದ ಹಾಗೆ ಹೊಟ್ಟೆ ಕೆಳಗೆ ಕೈ ಕೊಟ್ಟಿರಿ. ಚೆನ್ನಾಗಿರುವ ನಾಯಿ ತಕ್ಷಣ ಪಾದ ಸರಿ ಮಾಡಿಕೊಳ್ಳುತ್ತದೆ. ಹಾಗೇ ಬಿಟ್ಟುಕೊಂಡು ನಿಂತರೆ ತೊಂದರೆ ಕಾಲಿನದ್ದಲ್ಲ, ಬೆನ್ನಿನದ್ದೋ ನರದ್ದೋ ಇರಬೇಕು. ದಾರಿಯೇ ಬೇರೆ.

ಎಕ್ಸ್‌ರೇಯಲ್ಲಿ ಸಿಕ್ಕಿದ್ದೆಲ್ಲ ಕಾರಣ ಅಲ್ಲ

ನಾವು ಎಡವಿದ್ದು ಇಲ್ಲಿ. ಮೂರನೇ ಕಡೆ ಸೊಂಟದ ಎಕ್ಸ್‌ರೇ ತೆಗೆದರು. ತೊಡೆಮೂಳೆಯ ಗುಂಡು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಹಿಪ್ ಡಿಸ್ಪ್ಲೇಸಿಯಾ ಅಂದರು. ಫೋಟೊದಲ್ಲಿ ನಮಗೂ ಕಾಣುತ್ತಿತ್ತು, ಇನ್ನು ಅನುಮಾನ ಯಾಕೆ? ನಾಲ್ಕು ತಿಂಗಳು ಕೀಲಿನ ಪೌಡರ್, ಮೀನೆಣ್ಣೆ, ನೋವಿನ ಮಾತ್ರೆ. ಆದರೆ ಒಂದು ವಿಷಯ ಯೋಚಿಸಲಿಲ್ಲ. ಲ್ಯಾಬ್ರಡಾರ್ ರಕ್ತ ಇರುವ ನಾಯಿಗಳಲ್ಲಿ ಬೇಕಾದಷ್ಟಕ್ಕೆ ಸೊಂಟದ ಕೀಲು ಹೀಗೇ ಇರುತ್ತದೆ, ಎಷ್ಟೋ ನಾಯಿಗಳು ಹಾಗೇ ಆಡಿಕೊಂಡಿರುತ್ತವೆ. ಎಕ್ಸ್‌ರೇಯಲ್ಲಿ ಎರಡೂ ಸೊಂಟ ಒಂದೇ ತರ ಕೆಟ್ಟಿತ್ತು. ಹಾಗಿದ್ದರೆ ಬಲಗಾಲು ಮಾತ್ರ ಯಾಕೆ ಕುಂಟಬೇಕು? ಹಳೆ ಪಂಪಿನ ಬಾಡಿಗೆ ತುಕ್ಕು ಹಿಡಿದಿರುತ್ತದೆ ನಿಜ, ಆದರೆ ಅದು ನಿನ್ನೆಯೂ ಇತ್ತಲ್ಲ, ನಿನ್ನೆ ನೀರು ಬಂದಿತ್ತಲ್ಲ ಅಂತ ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿದ್ದೇನೆ.

ನಾಲ್ಕನೇ ಸಲ ಬೆಂಗಳೂರಿಗೆ ಹೋದೆವು. ಅಲ್ಲಿ ಮೂಳೆ ನೋಡುವ ಡಾಕ್ಟರ್ ಎಕ್ಸ್‌ರೇ ಕೈಗೆ ತೆಗೆದುಕೊಳ್ಳುವ ಮೊದಲು ಕರಿಯನನ್ನು ಸುಮ್ಮನೆ ಕೂರಿಸಲು ಹೇಳಿದರು. ಅವನು ಕೂತ. ಎಡಗಾಲು ಮಡಿಸಿ ಕೆಳಗೆ, ಬಲಗಾಲು ಪಕ್ಕಕ್ಕೆ ಚಾಚಿ. "ಇವನು ಹೀಗೆ ಕೂರುವುದು ಯಾವಾಗಿನಿಂದ?" ಅಂತ ಕೇಳಿದರು. ನಮ್ಮ ಮನೆಯಲ್ಲಿ ಅದಕ್ಕೆ ಗೌಡರ ಗತ್ತು ಅಂತ ಹೆಸರಿಟ್ಟು ನಗುತ್ತಿದ್ದೆವು. ನನ್ನ ಹೆಂಡತಿ ಫೋನ್ ತೆಗೆದು ಹಳೆಯ ಫೋಟೊ ಹುಡುಕಿದಳು. ಯುಗಾದಿಯ ಫೋಟೊದಲ್ಲಿ ನೆಟ್ಟಗೆ ಕೂತಿದ್ದಾನೆ. ಗಣೇಶನ ಹಬ್ಬದ ಹೊತ್ತಿಗೆ ಕಾಲು ಪಕ್ಕಕ್ಕೆ ಬಂದಿದೆ. ನಮ್ಮ ಕಣ್ಣಿಗೆ ಕುಂಟು ಬಿದ್ದದ್ದು ಅದಾಗಿ ಮೂರು ತಿಂಗಳಿಗೆ!

ಮಂಡಿ ಪೂರ್ತಿ ಮಡಿಸಿದರೆ ನೋಯುವ ನಾಯಿ ಹೀಗೆ ಕೂರುತ್ತದೆ. ಮಂಡಿಯೊಳಗೆ ಕ್ರೂಸಿಯೇಟ್ ಅನ್ನುವ ಲಿಗಮೆಂಟ್ ಇದೆ, ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ ಹಿಡಿದಿಡುವ ಹಗ್ಗ ಅದು. ಫುಟ್‌ಬಾಲ್ ಆಟಗಾರರಿಗೆ ಒಂದೇ ಏಟಿಗೆ ಹರಿಯುವುದು ಇದೇ. ನಾಯಿಯಲ್ಲಿ ಹಾಗಲ್ಲ, ಬಾವಿ ಹಗ್ಗ ಸವೆದ ಹಾಗೆ ಎಳೆ ಎಳೆಯಾಗಿ ತಿಂಗಳುಗಟ್ಟಲೆ ಹರಿಯುತ್ತದೆ. ಅದಕ್ಕೇ ಕುಂಟು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ದೊಡ್ಡ ನಾಯಿಗಳ ಹಿಂಗಾಲಿನ ಕುಂಟಿಗೆ ತುಂಬ ಸಾಮಾನ್ಯ ಕಾರಣ ಇದು. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಮಂಡಿಯೊಳಗೆ ನೀರು ತುಂಬಿ ಅಲ್ಲಿನ ಕೊಬ್ಬಿನ ನೆರಳು ಒತ್ತರಿಸಿದ್ದು ಮಾತ್ರ ಕಾಣುತ್ತದೆ, ಅದೂ ಮಂಡಿಯ ಎಕ್ಸ್‌ರೇ ತೆಗೆದರೆ! ನಮ್ಮದರಲ್ಲಿ ಮಂಡಿಯನ್ನು ಯಾರೂ ತೆಗೆದೇ ಇರಲಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಕೈಯಿಂದಲೇ. ತೊಡೆಮೂಳೆ ಒಂದು ಕೈಯಲ್ಲಿ ಬಿಗಿ ಹಿಡಿದು ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರೆ ಮೇಜಿನ ಡ್ರಾಯರ್ ತರ ಜಾರುತ್ತದೆ. ಎಚ್ಚರ ಇರುವ, ಮಾಂಸಖಂಡ ಬಿಗಿ ಹಿಡಿದ 38 ಕೆಜಿ ನಾಯಿಯಲ್ಲಿ ಇದು ಗೊತ್ತಾಗುವುದಿಲ್ಲ. ಅರ್ಧ ಹರಿದಿದ್ದರಂತೂ ಮಂಡಿ ಮಡಿಸಿದಾಗ ಮಾತ್ರ ಚೂರು ಜಾರುತ್ತದೆ. ಮಂಪರು ಬರುವ ಚುಚ್ಚುಮದ್ದು ಕೊಟ್ಟು ನೋಡಿದಾಗ ಕರಿಯನ ಮಂಡಿ ಜಾರಿತು. ಎರಡು ನಿಮಿಷದ ಕೆಲಸ. ನೀವೇ ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಮಂಡಿಯ ಒಳಬದಿ ಮುಟ್ಟಿ ನೋಡಿ ಸಾಕು, ಇನ್ನೊಂದಕ್ಕಿಂತ ದಪ್ಪಗೆ, ಗಟ್ಟಿಯಾಗಿದ್ದರೆ ಆ ಮಾತನ್ನು ಡಾಕ್ಟರ್‌ಗೆ ಹೇಳಿ.

ಅವನಿಗೆ ಟಿಪಿಎಲ್‌ಒ ಅನ್ನುವ ಆಪರೇಷನ್ ಆಯಿತು. ಕೆಳಗಿನ ಮೂಳೆಯ ತಲೆಯನ್ನು ಕಮಾನಿನ ಆಕಾರದಲ್ಲಿ ಕೊಯ್ದು, ತಿರುಗಿಸಿ, ಇಳಿಜಾರು ಕಡಿಮೆ ಮಾಡಿ ಪ್ಲೇಟ್ ಸ್ಕ್ರೂ ಹಾಕುತ್ತಾರೆ. ಹಗ್ಗ ಇಲ್ಲದಿದ್ದರೂ ಮೂಳೆ ಜಾರದ ಹಾಗೆ. ಯಾರು ಕಂಡುಹಿಡಿದರೋ, ಒಳ್ಳೆ ಮೆಕ್ಯಾನಿಕ್ ಬುದ್ಧಿ. ಮೂಳೆ ಕೂಡಲು ಎರಡರಿಂದ ಮೂರು ತಿಂಗಳು ಕಟ್ಟಿಹಾಕಿ ಕಾಪಾಡಬೇಕು, ಆಪರೇಷನ್‌ಗಿಂತ ಅದೇ ಕಷ್ಟ. ಪುಟ್ಟ ನಾಯಿಗಳಿಗೆ ಬೇರೆ ಸರಳ ದಾರಿಗಳಿವೆ. ಇನ್ನೊಂದು ಕಹಿ ಮಾತು: ಒಂದು ಮಂಡಿ ಹೋದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಎರಡನೆಯದೂ ಹೋಗುತ್ತದೆ. ಎಡಗಾಲಿನ ಮೇಲೆ ನಮ್ಮ ಕಣ್ಣು ಇದ್ದೇ ಇದೆ.

ಮಾತ್ರೆ ಸಾಕ್ಷಿಯನ್ನು ಅಳಿಸುತ್ತದೆ

ಮನುಷ್ಯರ ಮಾತ್ರೆ ಖಂಡಿತ ಬೇಡ. ಐಬುಪ್ರೊಫೆನ್, ಡಿಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಪ್ಯಾರಸಿಟಮಾಲ್ ಲಿವರ್ ಕೆಡಿಸುತ್ತದೆ. ನಾಯಿಗೆಂದೇ ಬರೆದ ನೋವಿನ ಮಾತ್ರೆಯನ್ನೂ ಸ್ಟೆರಾಯ್ಡ್ ಜೊತೆ ಕೊಡಬಾರದು. ಹಾಗಾಗಿ ಮೊದಲು ಯಾರಾದರೂ ಚುಚ್ಚುಮದ್ದು ಕೊಟ್ಟಿದ್ದರೆ ಅದೇನು ಅಂತ ಚೀಟಿ ಸಮೇತ ತೋರಿಸಿ. ಇದಕ್ಕಿಂತ ಮುಖ್ಯವಾದದ್ದು, ನೋವು ಕಡಿಮೆಯಾದ ನಾಯಿ ಕೆಟ್ಟ ಮಂಡಿಯಲ್ಲೇ ಬೆಕ್ಕಿನ ಹಿಂದೆ ಓಡುತ್ತದೆ. ಅರ್ಧ ಹರಿದದ್ದು ಪೂರ್ತಿ ಹರಿಯುತ್ತದೆ. ಮಾತ್ರೆ ಕೊಟ್ಟರೆ ಓಟ ಬಂದ್, ಮಾಳಿಗೆ ಮೆಟ್ಟಿಲು ಬಂದ್, ಹಗ್ಗ ಹಿಡಿದು ಹತ್ತು ನಿಮಿಷ ನಡಿಗೆ. ಈ ವಿಶ್ರಾಂತಿ ಇಲ್ಲದೆ ಮಾತ್ರೆ ಕೆಲಸ ಮಾಡಿತೋ ಇಲ್ಲವೋ ಅಂತ ಹೇಳಲೂ ಆಗುವುದಿಲ್ಲ. ನುಣುಪು ಗ್ರಾನೈಟ್ ನೆಲಕ್ಕೆ ಹಳೆ ಜಮಖಾನ ಹಾಸಿ.

ತೂಕದ ಬಗ್ಗೆ ಎಲ್ಲ ಡಾಕ್ಟರೂ ಹೇಳಿದ್ದರು, ನಾವೇ ಕಿವಿಗೆ ಹಾಕಿಕೊಳ್ಳಲಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೂ ನೋಡಿದ್ದರು. ಅರ್ಧದಷ್ಟಕ್ಕೆ ಕಾಲು ಭಾಗ ಊಟ ಕಡಿಮೆ. ಆ ಗುಂಪು ಸುಮಾರು 1.8 ವರ್ಷ ಜಾಸ್ತಿ ಬದುಕಿತು, ಕೀಲು ಸವೆತವೂ ತಡವಾಗಿ ಬಂತು. ಪರೀಕ್ಷೆ ಸುಲಭ. ಅಂಗೈ ನೆಲದ ಕಡೆ ಮಾಡಿ ಕೈ ಚಾಚಿ, ಹಿಂಭಾಗದ ಬೆರಳ ಮೂಳೆಗಳ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು. ಅಂಗೈ ಮುಟ್ಟಿದ ಹಾಗೆ ಮೆತ್ತಗಿದ್ದರೆ ನಾಯಿ ದಪ್ಪ. ಕರಿಯ ಈಗ 31 ಕೆಜಿ. ಬೆಳಗಿನ ಇಡ್ಲಿ ನಿಲ್ಲಿಸಿದ್ದಕ್ಕೆ ಅಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಡಾಕ್ಟರ್ ಹತ್ತಿರ ಹೋಗುವ ದಿನ

ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಯಾವ ಕಾಲು, ಎಂದಿನಿಂದ, ಕಾಲು ಬದಲಾಗಿದೆಯಾ, ಎದ್ದಾಗ ಜಾಸ್ತಿಯೋ ಆಡಿದ ಮೇಲೆ ಜಾಸ್ತಿಯೋ, ಜ್ವರ ಎಷ್ಟು, ತೊಡೆ ಅಳತೆ, ಕೊಟ್ಟ ಔಷಧಿ, ಅದರಿಂದ ಎಷ್ಟು ದಿನ ಕಡಿಮೆಯಾಯಿತು. ಹಳೆ ಎಕ್ಸ್‌ರೇ, ನಡಿಗೆಯ ವಿಡಿಯೊ, ಕೂತಿರುವ ಫೋಟೊ ಜೊತೆಯಲ್ಲಿರಲಿ. ಎಕ್ಸ್‌ರೇ ಬರೆದರೆ ಮೇಲಿನ ಕೀಲು ಕೆಳಗಿನ ಕೀಲು ಎರಡನ್ನೂ, ಚೆನ್ನಾಗಿರುವ ಕಾಲನ್ನೂ ತೆಗೆಯುತ್ತೀರಾ ಅಂತ ಕೇಳಿ. ಕೇಳಿದರೆ ತಪ್ಪಿಲ್ಲ, ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಂಪರು ಬರಿಸಿ ನೋಡುವ ಸಾಧ್ಯತೆ ಇದ್ದರೆ ಹೊಟ್ಟೆ ಖಾಲಿ ಇರಬೇಕು, ಎಷ್ಟು ಗಂಟೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ನಾವು ಬೆಳಗ್ಗೆ ಐದಕ್ಕೆ ಹೊರಟು ಎಪ್ಪತ್ತು ಕಿಲೋಮೀಟರ್ ಹೋದಮೇಲೆ ಗೊತ್ತಾಯಿತು, ಗಾಡಿ ಹತ್ತಿಸುವ ಮೊದಲು ಅಮ್ಮ ಪಾಪ ಅಂತ ಅವನಿಗೆ ನಾಲ್ಕು ಇಡ್ಲಿ ತಿನ್ನಿಸಿದ್ದರು. ಆ ದಿನ ಬರೀ ಕೂರಿಸಿ ನೋಡಿ ವಾಪಸ್ ಕಳಿಸಿದರು. ಮಂಡಿ ಪರೀಕ್ಷೆಗೆ ಮುಂದಿನ ಮಂಗಳವಾರ ಮತ್ತೆ ಹೋದೆವು.